ಹಾರುವಾಗಲೇ ಲೋ ವೋಲ್ಟ್ ದೀಪ: ಬ್ಯಾಟರಿ ಬದಲಿಸಿದರೂ ಹೋಗಲಿಲ್ಲ

ಉಡುಪಿ ಹುಡುಗ:
ಪೈಲಟ್ ತರಬೇತಿಯಲ್ಲಿದ್ದೇನೆ, ರಜೆಗೆ ಊರಿಗೆ ಬಂದಿದ್ದೇನೆ. ಹೋದ ವಾರ ಸೆಸ್ನಾ 172 ಎಂಬ ಸಣ್ಣ ವಿಮಾನದಲ್ಲಿ ಒಬ್ಬನೇ ಹಾರುವಾಗ, ಇಂಜಿನ್ 2300 ಆರ್‌ಪಿಎಂನಲ್ಲಿ ತಿರುಗುತ್ತಿದ್ದಾಗಲೇ ಲೋ ವೋಲ್ಟ್ ದೀಪ (ವೋಲ್ಟೇಜ್ ಕಮ್ಮಿ ಅಂತ ಎಚ್ಚರಿಸುವುದು) ಹತ್ತಿತು. ಆಮ್ಮೀಟರ್ ಮುಳ್ಳು ಮೈನಸ್ ಕಡೆ, ಅಂದರೆ ಬ್ಯಾಟರಿ ಖಾಲಿಯಾಗುತ್ತಿತ್ತು. ಆಲ್ಟರ್ನೇಟರ್ (ಇಂಜಿನ್ ತಿರುಗಿಸಿ ಕರೆಂಟ್ ಕೊಡುವುದು) ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ, ದೀಪ ಆರಿತು. ಹತ್ತು ನಿಮಿಷಕ್ಕೆ ಮತ್ತೆ ಹತ್ತಿತು. ಹೊಸ ಬ್ಯಾಟರಿ ಹಾಕಿದರು. ನಿನ್ನೆ ಗೆಳೆಯ ಹಾರಿಸಿದಾಗ ಅದೇ ಕತೆಯಂತೆ. ಎಂತ ಇರಬಹುದು?

ಬಜಪೆ ಮೆಕ್ಯಾನಿಕ್:
ಬ್ಯಾಟರಿ ಮೇಲೆ ಯಾಕೆ ಸಿಟ್ಟು ಮಾರಾಯ್ರೆ! ಆಲ್ಟರ್ನೇಟರ್ ಸರಿ ಇದ್ದರೆ 28 ವೋಲ್ಟ್ ಇರುತ್ತದೆ. 24.5ರ ಹತ್ತಿರಕ್ಕೆ ಇಳಿದರೆ ಆ ದೀಪ. ನೆಲದ ಮೇಲೆ ಓಡಿಸುವಾಗ ಇಂಜಿನ್ ನಿಧಾನ ಇದ್ದು ಹತ್ತಿದರೆ ಪರವಾಗಿಲ್ಲ. 2300ರಲ್ಲಿ ಹತ್ತಿತು ಅಂದರೆ ಚಾರ್ಜ್ ನಿಂತಿದೆ.

ಬೆಲ್ಟ್ ಸಡಿಲ ಆಗಿದ್ದರೆ ಸ್ವಿಚ್ ತಟ್ಟಿದ ಮಾತ್ರಕ್ಕೆ ಸರಿಯಾಗುವುದಿಲ್ಲ, ಅಲ್ವಾ? ಹಾಗಾಗಿ ನನ್ನ ಅನುಮಾನ ಓವರ್‌ವೋಲ್ಟೇಜ್ ಟ್ರಿಪ್, ಅಂದರೆ ವೋಲ್ಟೇಜ್ ಜಾಸ್ತಿಯಾಗಿ ಕಟ್ ಆಗುವುದು. ವೋಲ್ಟೇಜ್ 32ರ ಹತ್ತಿರ ಹೋದರೆ ಕಂಟ್ರೋಲ್ ಯೂನಿಟ್ ಆಲ್ಟರ್ನೇಟರನ್ನು ಆಫ್ ಮಾಡಿಬಿಡುತ್ತದೆ. ಆಮೇಲೆ ಚಾರ್ಜ್ ಇಲ್ಲದೆ ವೋಲ್ಟೇಜ್ ಇಳಿದು ಆ ದೀಪ ಹತ್ತುತ್ತದೆ.

ಮಲ್ಪೆ ಬೋಟ್ ವಯರಿಂಗ್:
ವಿಮಾನ ನನಗೆ ಗೊತ್ತಿಲ್ಲ. ಆದರೆ ಬೋಟಲ್ಲಿ ಹೀಗಾದರೆ ನಾನು ಮೊದಲು ನೋಡುವುದು ಅರ್ತ್, ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ. ಉಪ್ಪುಗಾಳಿಗೆ ವಯರ್ ತುದಿಯ ಲಗ್ ಹಸಿರು ಹಿಡಿದಿರುತ್ತದೆ. ಅರ್ತ್ ಕೆಟ್ಟರೆ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್‌ಗೆ ಅದು ಕಮ್ಮಿ ಕಾಣುತ್ತದೆ, ಸುಮ್ನೆ ಏರಿಸುತ್ತಾ ಹೋಗುತ್ತದೆ. ಲೋಡ್ ಹಾಕಿ, ಬ್ಯಾಟರಿ ಮೈನಸ್‌ಗೂ ಆಲ್ಟರ್ನೇಟರ್ ಬಾಡಿಗೂ ಮೀಟರ್ ಹಿಡಿಯಿರಿ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಅಲ್ಲೇ.

ಬಜಪೆ ಮೆಕ್ಯಾನಿಕ್:
ಸರಿಯಾದ ಮಾತು. ಆದರೆ ತಮ್ಮಾ, ನೀವೇ ಸ್ಪ್ಯಾನರ್ ಹಿಡಿಯಬೇಡಿ, ಲೈಸೆನ್ಸ್ ಇರುವ ಇಂಜಿನಿಯರ್‌ಗೆ ಹೇಳಿ. ಆ ಇಂಜಿನ್ ಈಚೆಗೆ ಬಿಚ್ಚಿದ್ದರಾ?

ಉಡುಪಿ ಹುಡುಗ:
ಹೌದು ಸರ್, ಓವರ್‌ಹಾಲ್ ಆಗಿ ಬಂದದ್ದು. ಮತ್ತೆ ಹಾರುವಾಗ ದೀಪ ಹತ್ತಿದರೆ?

ಬಜಪೆ ಮೆಕ್ಯಾನಿಕ್:
ಸ್ವಿಚ್ ಆಫ್ ಮಾಡಿ ಆನ್ ಮಾಡುವ ರೀಸೆಟ್ ಒಂದೇ ಸಲ. ಮತ್ತೆ ಹತ್ತಿದರೆ ಆಲ್ಟರ್ನೇಟರ್ ಆಫ್ ಮಾಡಿ ಬಿಡಿ, ಹತ್ತಿರದಲ್ಲಿ ಇಳಿಯಿರಿ. ರೇಡಿಯೋದಲ್ಲಿ ಜೀವ ಇರುವಾಗಲೇ ಟವರ್‌ಗೆ ಹೇಳಿಬಿಡಿ. ಕೇಳುವುದಕ್ಕಿಂತ ಮಾತಾಡುವುದಕ್ಕೆ ಕರೆಂಟ್ ಜಾಸ್ತಿ ಬೇಕು. ಪಿಟೋ ಹೀಟ್ (ವೇಗ ಅಳೆಯುವ ಕೊಳವೆಯ ಹೀಟರ್), ಲ್ಯಾಂಡಿಂಗ್ ಲೈಟ್, ಎರಡನೇ ರೇಡಿಯೋ ಬೇಡದಿದ್ದರೆ ಆಫ್. ಇಳಿಯುವಾಗ ಬಿಡುವ ರೆಕ್ಕೆಯ ಫ್ಲ್ಯಾಪ್ ಕೂಡ ಕರೆಂಟ್ ಮೋಟಾರಿನದ್ದೇ. ಅರ್ಧಕ್ಕೆ ನಿಂತರೆ ಕಷ್ಟ, ಇಲ್ಲದೆಯೇ ಇಳಿಯುವ ಲೆಕ್ಕ ಹಾಕಿ. ಇಂಜಿನ್ ನಿಲ್ಲುತ್ತದೆ ಅಂತ ಹೆದರಬೇಡಿ. ಅದರ ಕಿಡಿ ಇಂಜಿನ್ನೇ ತಿರುಗಿಸುವ ಮ್ಯಾಗ್ನೆಟೋದಿಂದ, ಬ್ಯಾಟರಿಯಿಂದಲ್ಲ.

ಉಡುಪಿ ಹುಡುಗ (ಆರು ದಿನದ ಮೇಲೆ):
ಸಿಕ್ಕಿತು! 0.9 ವೋಲ್ಟ್ ಬಂತಂತೆ. ಇಂಜಿನ್ ಅರ್ತ್ ಪಟ್ಟಿ ಬಿಚ್ಚಿದರೆ ವಾಷರ್ ಅಡಿಯಲ್ಲಿ ಹೊಳೆಯುವ ಹೊಸ ಪೇಂಟ್, ಅದೇ ಕರೆಂಟ್ ತಡೆಯುತ್ತಿತ್ತು. ಕೆರೆದು ಬಿಗಿ ಮಾಡಿದ ಮೇಲೆ ನಾಲ್ಕು ಗಂಟೆ ಹಾರಿದೆ, ದೀಪ ಇಲ್ಲ. ಬೋಟ್ ಅಣ್ಣ, ಉಪ್ಪು ಅಲ್ಲ, ಆದರೆ ಜಾಗ ನೀವು ಹೇಳಿದ್ದೇ. ಹಳೇ ಬ್ಯಾಟರಿ ಟೆಸ್ಟ್ ಮಾಡಿದರಂತೆ, ಚೆನ್ನಾಗೇ ಇದೆ.