ಅಪ್‌ಡೇಟ್: ಪ್ರೊಜೆಕ್ಷನ್ ಟಿವಿಯ ಕೆಂಪು-ನೀಲಿ ನೆರಳು ಹೋಯ್ತು

ಚಿಕ್ಕಮಗಳೂರಿನ ನಮ್ಮನೆಯ ಹಳೇ ದೊಡ್ಡ ಪ್ರೊಜೆಕ್ಷನ್ ಟಿವಿಯಲ್ಲಿ ಪ್ರತಿ ಅಕ್ಷರದ ಪಕ್ಕ ಕೆಂಪು, ನೀಲಿ ನೆರಳು ಬರುತ್ತಿದೆ ಅಂತ ಕೇಳಿದ್ದೆನಲ್ಲ, ಸರಿಹೋಯಿತು.

"ಕನ್ವರ್ಜೆನ್ಸ್ ಐಸಿ (ಬಣ್ಣಗಳನ್ನು ಸೇರಿಸುವ ಚಿಪ್) ಹೋಗಿದೆ, ಇರುವ ಎರಡನ್ನೂ ಒಟ್ಟಿಗೇ ಬದಲಿಸಿ" ಅಂದವರ ಮಾತೇ ನಿಜ. ಈ ಟಿವಿಯ ಒಳಗೆ ಕೆಂಪು, ಹಸಿರು, ನೀಲಿಗೆ ಒಂದೊಂದು ಚಿತ್ರದ ಟ್ಯೂಬ್. ಆ ಮೂರೂ ಚಿತ್ರಗಳನ್ನು ಒಂದರ ಮೇಲೊಂದು ಕೂರಿಸೋದು ಈ ಐಸಿಗಳ ಕೆಲಸ. ಮೆಕ್ಯಾನಿಕ್ ಹೊಸ ಐಸಿಗಳನ್ನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಿನಿಂದ ತರಿಸಿದರು. ಐಸಿಯ ಬಿಸಿ ಎಳೆಯುವ ಲೋಹದ ಹೀಟ್‌ಸಿಂಕಿನ ಪೇಸ್ಟ್ ಒಣಗಿ ಸುಣ್ಣದ ಪುಡಿಯಂತಾಗಿತ್ತು. ಪಕ್ಕದ ಸಣ್ಣ ರೆಸಿಸ್ಟರ್‌ಗಳೂ ಸುಟ್ಟಿದ್ದವು. ಅವನ್ನು ಹಾಗೇ ಬಿಟ್ಟರೆ ಹೊಸ ಐಸಿ ಹಾಕಿದರೂ ನೆರಳು ಹೋಗಲ್ಲ, ಅದನ್ನು ಮರೆಯಬೇಡಿ.

ಬರೀ ರಿಮೋಟಿನ ಮೆನುವಿನಲ್ಲಿ ಸರಿ ಮಾಡಲು ಹೋಗಿದ್ದು ಸುಮ್ನೆ ದಂಡ. ಪರದೆಯ ಕೆಂಪು ಗೆರೆ ಸ್ವಲ್ಪ ಸರಿದು ಅಲ್ಲೇ ನಿಲ್ಲುತ್ತಿತ್ತು. ಸ್ಟೆಬಿಲೈಸರ್‌ನಿಂದಲೂ ಏನೂ ಆಗಲಿಲ್ಲ. ನಮ್ಮ ಕಡೆಯ ಮಳೆಗಾಲದ ಕರೆಂಟಿಗೆ ಅದು ಇರಲಿ ಬಿಡಿ.

ನನಗೆ ಆಶ್ಚರ್ಯವಾಗಿದ್ದು ಚಿತ್ರವನ್ನು ಪರದೆಗೆ ತಿರುಗಿಸುವ ಒಳಗಿನ ಕನ್ನಡಿ. ಅದರ ಲೇಪ ಹಿಂದೆ ಅಲ್ಲ, ಮುಂದೆಯೇ ಇರುತ್ತದೆ. ಮನೆ ಕನ್ನಡಿ ಥರ ಒದ್ದೆ ಪೇಪರಿನಲ್ಲಿ ತಿಕ್ಕಿದರೆ ಗೀರು ಗ್ಯಾರಂಟಿ. ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆದರೆ ಸಾಕು.

ಐಸಿ ಹಾಕಿದ ಮೇಲೆ ಮೂರು ಬಣ್ಣದ ಚಿತ್ರಗಳನ್ನು ಹೊಂದಿಸುವಾಗ ಟಿವಿ ಅರ್ಧ ಗಂಟೆಯಾದರೂ ಓಡಿ ಬಿಸಿಯಾಗಿರಲಿ.