ಐದು ಜನ, ಫುಲ್ ಲಗೇಜು: ಟೈರ್‌ಗೆ ಎಷ್ಟು ಗಾಳಿ ಹಾಕಿಸಲಿ?

ನಮಸ್ಕಾರ. ಶನಿವಾರ ಬೆಳಗಿನ ಜಾವ ಬೆಂಗಳೂರಿನಿಂದ ಮಂಗಳೂರಿಗೆ ಹೊರಡುತ್ತಿದ್ದೇವೆ, ಶಿರಾಡಿ ಘಾಟ್ ಮೇಲೆ. ಸಣ್ಣ ಕಾರು, ಡಿಕ್ಕಿ ತುಂಬಾ ಲಗೇಜು, ಜೊತೆಗೆ ಅಮ್ಮನ ಅಕ್ಕಿ ಚೀಲ ಬೇರೆ. ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕ್ಕರ್‌ನಲ್ಲಿ ಫುಲ್ ಲೋಡ್‌ಗೆ ಮುಂದೆ 32, ಹಿಂದೆ 36 ಪಿಎಸ್‌ಐ ಅಂತ ಇದೆ. ಆದರೆ ನಿನ್ನೆ ಬಂಕ್‌ನ ಹುಡುಗ ಕೇಳದೇ ನಾಲ್ಕಕ್ಕೂ 40 ತುಂಬಿಸಿ, ಟೈರ್ ಮೇಲೆ 51 ಅಂತಾನೇ ಬರೆದಿದೆಯಲ್ಲ ಸರ್, ಏನೂ ಆಗಲ್ಲ ಅಂದ. ಅದು ಟೈರ್ ತಡೆಯುವ ಗರಿಷ್ಠ ಮಿತಿ, ಹಾಕಿಸಬೇಕಾದ ಲೆಕ್ಕ ಅಲ್ಲ ಅಲ್ವಾ?

ಇನ್ನೊಂದು ಸಮಸ್ಯೆ. ಸ್ಟಿಕ್ಕರ್ ಲೆಕ್ಕ ತಣ್ಣಗಿರುವ ಟೈರ್‌ಗೆ. ಬಂಕ್ ಮನೆಯಿಂದ 6 ಕಿಲೋಮೀಟರ್, ಅಲ್ಲಿಗೆ ಹೋಗುವಷ್ಟರಲ್ಲಿ ಟೈರ್ ಬಿಸಿಯಾಗಿ ಮೀಟರ್ ಜಾಸ್ತಿ ತೋರಿಸುತ್ತದೆ. ಆಗ ಎಷ್ಟು ಹಾಕಿಸಬೇಕು? ಮನೆಯಲ್ಲೇ ನೋಡಿಕೊಳ್ಳಲು ಒಳ್ಳೆಯ ಗೇಜ್ ಯಾವುದು? ಬಳಸಿದವರು ದಯವಿಟ್ಟು ಶುಕ್ರವಾರದೊಳಗೆ ತಿಳಿಸಿ.