ಅಂಗವೈಕಲ್ಯ ಭತ್ಯೆಯಲ್ಲಿ ಬದುಕುವವರ ಸಾಲಮುಕ್ತಿ ಅರ್ಜಿ: ಊರಿನ ಜಮೀನು ಮತ್ತು ಸೋದರಮಾವನ ಕೈಗಡ

ಗುಂಪಿನ ಎಲ್ಲರಿಗೂ ನಮಸ್ಕಾರಗಳು. ಪಿಪ್ (ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್) ಎಂಬ ಅಂಗವೈಕಲ್ಯ ಭತ್ಯೆ ಪಡೆಯುತ್ತಿರುವವರು ಡೆಟ್ ರಿಲೀಫ್ ಆರ್ಡರ್ ಎಂಬ ಸಾಲಮುಕ್ತಿಯ ಆದೇಶಕ್ಕೆ, ಅಂದರೆ ಡಿಆರ್‌ಓಗೆ ಅರ್ಜಿ ಹಾಕಿದರೆ ಭತ್ಯೆಯೇ ನಿಂತುಹೋಗುವುದೇ ಎಂದು ಸಹೋದರಿಯೊಬ್ಬರು ಮೊನ್ನೆ ಇಲ್ಲಿ ಕೇಳಿದ್ದರು. ನಮ್ಮ ಯಜಮಾನರು ಪಾರ್ಶ್ವವಾಯುವಿಗೆ ತುತ್ತಾಗಿ ಕೆಲಸ ಬಿಟ್ಟ ಮೇಲೆ ನಾವು ಇದೇ ದಾರಿಯಲ್ಲಿ ನಡೆದು ಬಂದವರಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ನಾನು ಹೇಳುವುದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ ಅನ್ವಯಿಸುತ್ತದೆ. ಸ್ಕಾಟ್‌ಲೆಂಡಿನ ಕಾನೂನು ಬೇರೆ.

ಮೊದಲು ಆ ಪ್ರಶ್ನೆಗೆ ಉತ್ತರ: ಭತ್ಯೆ ನಿಲ್ಲುವುದಿಲ್ಲ. ಪಿಪ್ ಎಂಬುದು ಆದಾಯ, ಆಸ್ತಿ ನೋಡಿ ಕೊಡುವ ಭತ್ಯೆಯಲ್ಲ. ಸಾಲವಿದೆಯೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಇದರ ಹಿಂದೆ ಇನ್ನೊಂದು ಭಯವಿರುತ್ತದೆ, ಅದು ನಮಗೂ ಇತ್ತು. ಎಲ್ಲ ಬಿಲ್ಲುಗಳನ್ನು ಕಟ್ಟಿದ ಮೇಲೆ ತಿಂಗಳಿಗೆ 75 ಪೌಂಡಿಗಿಂತ ಹೆಚ್ಚು ಉಳಿಯುವವರಿಗೆ ಡಿಆರ್‌ಓ ಸಿಗುವುದಿಲ್ಲವಲ್ಲ, ಪಿಪ್ ಹಣವನ್ನೂ ಆದಾಯಕ್ಕೆ ಸೇರಿಸಿದರೆ ನಾವು ಆ ಗಡಿ ದಾಟಿಬಿಡುತ್ತೇವೆಯೇ ಎಂಬ ಭಯ. ನಮ್ಮವರಿಗೆ ಆಗ ದೈನಂದಿನ ಬದುಕಿನ ಭಾಗಕ್ಕೆ ವಾರಕ್ಕೆ 108.55 ಪೌಂಡ್ ಬರುತ್ತಿತ್ತು, ಓಡಾಟದ ಭಾಗ ಬೇರೆ. ನಮ್ಮ ಸಲಹೆಗಾರ್ತಿ ಅದನ್ನು ಆದಾಯದ ಕಾಲಮ್ಮಿನಲ್ಲಿ ಬರೆದುಕೊಂಡ ಕೂಡಲೇ ಖರ್ಚಿನ ಕಾಲಮ್ಮಿಗೆ ಬಂದು, ಅನಾರೋಗ್ಯದಿಂದಾಗಿ ತಗಲುವ ಖರ್ಚುಗಳನ್ನು ಒಂದೊಂದಾಗಿ ಕೇಳಿದರು. ಟ್ಯಾಕ್ಸಿ, ಹಗಲೆಲ್ಲ ಉರಿಯುವ ಹೀಟಿಂಗ್, ದಿನವೂ ಒಗೆಯುವ ಹಾಸಿಗೆ ಬಟ್ಟೆ, ನಾನು ಹೊರಗೆ ಹೋದಾಗ ಜೊತೆಗಿರಲು ಬರುವವರಿಗೆ ಕೊಡುವ ಹಣ. ಇವನ್ನೆಲ್ಲ ನಾನು 'ಮನೆ ಖರ್ಚು' ಎಂದೇ ಭಾವಿಸಿದ್ದೆ. ಮನೆಯವರ ಆರೈಕೆಗೆ ಲೆಕ್ಕವಿಡುವುದು ನಮ್ಮಲ್ಲಿ ರೂಢಿಯಿಲ್ಲ, ಹಾಗೆ ಲೆಕ್ಕ ಹಾಕುವುದೇ ತಪ್ಪೆಂಬ ಭಾವನೆಯೂ ಇರುತ್ತದೆ. ಈ ಒಂದು ಕಡೆ ಮಾತ್ರ ದಯವಿಟ್ಟು ಲೆಕ್ಕವಿಡಿ, ಏಕೆಂದರೆ ಪಿಪ್ ಹಣ ಇರುವುದೇ ಆ ಖರ್ಚಿಗಾಗಿ.

ಸಾಲಮನ್ನಾ ಎಂದೊಡನೆ ಊರಿನಲ್ಲಿ ಸರ್ಕಾರವು ರೈತರ ಪರವಾಗಿ ಬ್ಯಾಂಕಿಗೆ ಹಣ ಕಟ್ಟುವುದು ನಮ್ಮ ನೆನಪಿಗೆ ಬರುತ್ತದೆ. ಇಲ್ಲಿ ಹಾಗಿಲ್ಲ. ಡಿಆರ್‌ಓ 2009ರಿಂದ ಜಾರಿಯಲ್ಲಿರುವ ದಿವಾಳಿ ಕಾನೂನಿನ ಒಂದು ಕ್ರಮ. ಆದೇಶವಾದ ದಿನದಿಂದ 12 ತಿಂಗಳು ಪಟ್ಟಿಯಲ್ಲಿರುವ ಸಾಲ ಕೊಟ್ಟವರು ಹಣ ಕೇಳುವಂತಿಲ್ಲ. ಅಷ್ಟರಲ್ಲಿ ನಿಮ್ಮ ಸ್ಥಿತಿ ಸುಧಾರಿಸದಿದ್ದರೆ ಆ ಸಾಲಗಳು ರದ್ದಾಗುತ್ತವೆ. ಯಾರೂ ಯಾರ ಪರವಾಗಿಯೂ ಕಟ್ಟುವುದಿಲ್ಲ. ಸ್ವಂತ ಮನೆಯಿದ್ದವರಿಗೆ ಇದು ಸಾಮಾನ್ಯವಾಗಿ ದೊರೆಯದು; ನಾವು ಬಾಡಿಗೆ ಮನೆಯಲ್ಲಿದ್ದೆವು.

ಮಿತಿಗಳು 28 ಜೂನ್ 2024ರಂದು ಬದಲಾದದ್ದೇ ನಮ್ಮನ್ನು ಉಳಿಸಿತು. ಅಲ್ಲಿಯವರೆಗೆ ಒಟ್ಟು ಸಾಲ 30,000 ಪೌಂಡ್ ಮೀರುವಂತಿರಲಿಲ್ಲ, ನಮ್ಮವರದ್ದು 34,000ದ ಹತ್ತಿರವಿತ್ತು. ಈಗ ಆ ಮಿತಿ 50,000. ಕಾರಿನ ಬೆಲೆ 2,000ದೊಳಗೆ ಇರಬೇಕಿತ್ತು, ಈಗ 4,000ದವರೆಗೆ ಇರಬಹುದು. ಅಂಗವೈಕಲ್ಯಕ್ಕಾಗಿ ವಿಶೇಷವಾಗಿ ಮಾರ್ಪಡಿಸಿದ ಕಾರಾದರೆ ಅದನ್ನು ಆಸ್ತಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ಉಳಿದ ಆಸ್ತಿ, ಬ್ಯಾಂಕಿನ ಹಣವೂ ಸೇರಿ, 2,000 ಪೌಂಡ್ ದಾಟಬಾರದು. ಅರ್ಜಿಗೆ ಮೊದಲಿದ್ದ 90 ಪೌಂಡ್ ಶುಲ್ಕವನ್ನು ಏಪ್ರಿಲ್ 2024ರಲ್ಲಿ ತೆಗೆದುಹಾಕಿದ್ದಾರೆ. ಅರ್ಜಿಯನ್ನು ನಾವೇ ಹಾಕಲಾಗದು, ಮಾನ್ಯತೆ ಪಡೆದ ಸಲಹೆಗಾರರ ಮೂಲಕವೇ ಹಾಕಬೇಕು. ಸಿಟಿಜನ್ಸ್ ಅಡ್ವೈಸ್, ಸ್ಟೆಪ್‌ಚೇಂಜ್‌ನಂತಹ ಸಂಸ್ಥೆಗಳು ಇದನ್ನು ಉಚಿತವಾಗಿ ಮಾಡುತ್ತವೆ. ಅವರ ಬಳಿ ಹೋಗುವ ಮುನ್ನ ಒಂದು ಖಾಸಗಿ ಕಂಪನಿ ನಮಗೆ ಐದಾರು ವರ್ಷ ಕಂತು ಕಟ್ಟುವ ಐವಿಎ ಒಪ್ಪಂದವೇ ಸರಿಯೆಂದು ಮೂರು ಬಾರಿ ಫೋನ್ ಮಾಡಿ ಒತ್ತಾಯಿಸಿತ್ತು. ದುಡಿಯುವ ಶಕ್ತಿ ಕಳೆದುಕೊಂಡ ಮನುಷ್ಯನನ್ನು, ಅದೂ ಕಾಯಿಲೆಯ ವಿಷಯ ತಿಳಿದ ಮೇಲೆ, ಐದು ವರ್ಷದ ಕಂತಿಗೆ ಕಟ್ಟಿಹಾಕಲು ಹೊರಟವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಇನ್ನು ನಮ್ಮವರು, ಅಂದರೆ ಕನ್ನಡದ ಮನೆಗಳವರು, ಎಡವುವ ಜಾಗಕ್ಕೆ ಬರುತ್ತೇನೆ. ಅರ್ಜಿಯಲ್ಲಿ ಆಸ್ತಿ ಎಂದರೆ ಇಂಗ್ಲೆಂಡಿನ ಆಸ್ತಿ ಮಾತ್ರವಲ್ಲ, ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಹೇಳಬೇಕು. ಹಾಸನದ ಕಡೆ ನಮ್ಮ ಮಾವನವರ ಎರಡು ಎಕರೆ ಹೊಲವಿದೆ. "ಅದು ಅಪ್ಪನದು, ಅದನ್ನೇಕೆ ಹೇಳಬೇಕು" ಎಂದು ನಮ್ಮವರು, "ಇಲ್ಲಿಯ ವಿಷಯ ಅಲ್ಲಿಯವರಿಗೆ ಹೇಗೆ ಗೊತ್ತಾಗುತ್ತದೆ ಅತ್ತಿಗೆ" ಎಂದು ಊರಿನಿಂದ ಮೈದುನ. ನಾನು ಸಲಹೆಗಾರ್ತಿಗೆ ಹೇಳಿಯೇಬಿಟ್ಟೆ. ಪಿತ್ರಾರ್ಜಿತ ಆಸ್ತಿಯಾಗಿದ್ದರೆ ಮಗನಿಗೆ ಹುಟ್ಟಿನಿಂದಲೇ ಪಾಲಿರುತ್ತದೆ, ಪಾಲು ವಿಭಾಗವಾಗಿಲ್ಲ ಎಂದ ಮಾತ್ರಕ್ಕೆ ಆ ಹಕ್ಕು ಇಲ್ಲವಾಗುವುದಿಲ್ಲ. ನಮ್ಮ ಮಾವನವರದ್ದು ಸ್ವಯಾರ್ಜಿತ, ಅವರು ದುಡಿದು ಕೊಂಡದ್ದು. ಅವರಿರುವವರೆಗೆ ಮಗನಿಗೆ ಅದರಲ್ಲಿ ಹಕ್ಕಿಲ್ಲ. ಮೈದುನ ಪಹಣಿಯ ಪ್ರತಿ ಮತ್ತು ಕ್ರಯಪತ್ರದ ಫೋಟೋ ಕಳುಹಿಸಿದ, ನಾನು ಅದರ ತಾತ್ಪರ್ಯವನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ, ವಿಷಯ ಅಲ್ಲಿಗೆ ಮುಗಿಯಿತು. ಮುಚ್ಚಿಟ್ಟು ಮುಂದೆ ಬಯಲಾಗಿದ್ದರೆ ಆದೇಶವೇ ರದ್ದಾಗಿ, ಸಾಲದ ಜೊತೆಗೆ ಮೋಸದ ಆಪಾದನೆಯೂ ತಲೆಯ ಮೇಲೆ ಬರುತ್ತಿತ್ತು. ನಿಮ್ಮ ಹೆಸರಿನಲ್ಲಿ ಮೈಸೂರಿನಲ್ಲೋ ತುಮಕೂರಿನಲ್ಲೋ ಸೈಟಿದ್ದರೆ ಡಿಆರ್‌ಓ ಬಹುತೇಕ ಸಿಗುವುದಿಲ್ಲ. ಆಗ ಬೇರೆ ದಾರಿ ಯಾವುದೆಂದು ಸಲಹೆಗಾರರನ್ನೇ ಕೇಳಬೇಕೇ ಹೊರತು, ಸೈಟನ್ನು ತಂಗಿಯ ಹೆಸರಿಗೆ ದಾನಪತ್ರ ಮಾಡಿಸಿ ಅರ್ಜಿ ಹಾಕುವ ಉಪಾಯ ಖಂಡಿತ ಬೇಡ. ಅರ್ಜಿಯ ಹಿಂದಿನ ಎರಡು ವರ್ಷಗಳಲ್ಲಿ ಆಸ್ತಿಯನ್ನು ಪುಕ್ಕಟೆಯಾಗಿಯೋ ಕಡಿಮೆ ಬೆಲೆಗೋ ಕೊಟ್ಟಿದ್ದರೆ ಅದನ್ನೂ ನೋಡುತ್ತಾರೆ.

ಎರಡನೆಯದು ಕೈಗಡ, ನನಗೆ ಅತ್ಯಂತ ಕಷ್ಟವೆನಿಸಿದ್ದು ಇದೇ. ಯಜಮಾನರು ಆಸ್ಪತ್ರೆಯಲ್ಲಿದ್ದಾಗ ನನ್ನ ಸೋದರಮಾವ ನಮ್ಮವರ ಖಾತೆಗೆ 2,500 ಪೌಂಡ್ ಹಾಕಿದ್ದರು. ಬ್ಯಾಂಕಿನವರದ್ದು ಹೇಗಾದರೂ ಆಗಲಿ, ಮಾವನದ್ದನ್ನು ಮೊದಲು ತೀರಿಸಿಬಿಡೋಣ, ಮುಖ ತೋರಿಸುವಂತಿರಬೇಕಲ್ಲ ಎಂಬುದು ನಮ್ಮಿಬ್ಬರ ಮನಸ್ಸಿನಲ್ಲಿತ್ತು. ಸಾಲ ಕೊಟ್ಟವರೆಲ್ಲರನ್ನೂ ಕಾನೂನು ಸಮಾನವಾಗಿ ಕಾಣುತ್ತದೆ. ಅವರಲ್ಲಿ ನೆಂಟರೊಬ್ಬರಿಗೆ ಮಾತ್ರ ಮೊದಲು ಕಟ್ಟಿದರೆ ಅದು ಪಕ್ಷಪಾತದ ಪಾವತಿ, ಅರ್ಜಿ ತಿರಸ್ಕೃತವಾಗಲು ಅದೊಂದೇ ಸಾಕಾಗಬಹುದು. ಆದ್ದರಿಂದ ಮಾವನ ಹೆಸರನ್ನೂ ಸಾಲ ಕೊಟ್ಟವರ ಪಟ್ಟಿಯಲ್ಲಿ ಬರೆಯಬೇಕಾಯಿತು, ಅವರ ಮನೆಗೂ ಸರ್ಕಾರಿ ಪತ್ರ ಹೋಗುವುದಿತ್ತು. ಪತ್ರ ತಲುಪುವ ಮೊದಲೇ ನಾನು ಅವರ ಮನೆಗೆ ಹೋಗಿ ಎದುರು ಕುಳಿತು ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ನಾನು ಕೊಟ್ಟದ್ದು ಅಳಿಯಂದಿರಿಗೆ, ಕಾಗದಕ್ಕಲ್ಲ, ನೀನು ಬರೆದುಕೊಡು" ಎಂದರು. ನೀವೂ ಪತ್ರಕ್ಕಿಂತ ಮೊದಲು ನೀವೇ ಹೋಗಿ ಹೇಳಿ.

ಪಿಪ್ ಬಾಕಿ ಒಟ್ಟಿಗೆ ಬರುವ ಸಂದರ್ಭವನ್ನೂ ಗಮನದಲ್ಲಿಡಬೇಕು. ತೀರ್ಮಾನ ತಡವಾದರೆ ಹಲವು ತಿಂಗಳ ಭತ್ಯೆ ಒಂದೇ ದಿನ ಖಾತೆಗೆ ಬಂದು ಬೀಳುತ್ತದೆ, ಆ ಮೊತ್ತವೇ 2,000 ಪೌಂಡ್ ದಾಟಬಹುದು. ನಮಗೆ ಅದು ಅರ್ಜಿಗೆ ಮುಂಚೆ ಬಂದಿತ್ತು. ಸಲಹೆಗಾರ್ತಿಯನ್ನು ಕೇಳಿಕೊಂಡೇ ಸ್ನಾನದ ಕುರ್ಚಿ, ಗೋಡೆಯ ಹಿಡಿಕಂಬಿ, ವಾಲಿದರೂ ಬೀಳದ ಒಳ್ಳೆಯ ಮಂಚ ಕೊಂಡು ರಸೀದಿಗಳನ್ನು ಇಟ್ಟುಕೊಂಡೆವು. ಆದೇಶದ 12 ತಿಂಗಳೊಳಗೆ ಬಂದರೆ ಕೂಡಲೇ ತಿಳಿಸಬೇಕು, ಆದೇಶ ಹಿಂತೆಗೆದುಕೊಳ್ಳುವ ಸಾಧ್ಯತೆಯೂ ಇರುತ್ತದೆ. ಮರುಪರಿಶೀಲನೆಯೋ ಮೇಲ್ಮನವಿಯೋ ನಡೆಯುತ್ತಿದ್ದರೆ ಅರ್ಜಿ ಯಾವಾಗ ಹಾಕಬೇಕೆಂಬುದನ್ನು ಅದಕ್ಕನುಗುಣವಾಗಿ ಯೋಚಿಸಿ. ಆ ನಡುವೆ ಸಾಲ ವಸೂಲಿಯ ಫೋನುಗಳ ಕಾಟ ತಾಳಲಾಗದಿದ್ದರೆ 'ಬ್ರೀದಿಂಗ್ ಸ್ಪೇಸ್' ಎಂಬ 60 ದಿನಗಳ ತಡೆಯಿದೆ. ಅದನ್ನೂ ಸಲಹೆಗಾರರೇ ಹಾಕಿಸುತ್ತಾರೆ.

ಯಾವ ಸಾಲ ಸೇರುತ್ತದೆ ಎಂಬುದನ್ನು ಬೇಗ ಹೇಳಿಬಿಡುತ್ತೇನೆ. ಕ್ರೆಡಿಟ್ ಕಾರ್ಡ್, ಬ್ಯಾಂಕ್ ಸಾಲ, ವಿದ್ಯುತ್ ಬಾಕಿ, ಕೌನ್ಸಿಲ್ ಟ್ಯಾಕ್ಸ್ ಬಾಕಿ ಸೇರುತ್ತವೆ. ತಪ್ಪು ಮಾಹಿತಿ ಕೊಟ್ಟು ಪಡೆದದ್ದಲ್ಲದ, ಇಲಾಖೆಯಿಂದ ಹೆಚ್ಚಾಗಿ ಪಾವತಿಯಾದ ಭತ್ಯೆಯೂ ಸೇರುತ್ತದೆ, ಮತ್ತು ಆ ಒಂದು ವರ್ಷ ಅದನ್ನು ಭತ್ಯೆಯಿಂದ ಕಡಿತ ಮಾಡುವಂತಿಲ್ಲವೆಂದು ಇಲ್ಲಿಯ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಸ್ಟೂಡೆಂಟ್ ಲೋನ್, ಕೋರ್ಟಿನ ದಂಡ, ಮಕ್ಕಳ ಜೀವನಾಂಶ ಸೇರುವುದಿಲ್ಲ. ಗಂಡ ಹೆಂಡತಿ ಜಂಟಿಯಾಗಿ ಮಾಡಿದ ಸಾಲವಾದರೆ ಒಬ್ಬರ ಆದೇಶ ಇನ್ನೊಬ್ಬರನ್ನು ಬಿಡಿಸುವುದಿಲ್ಲ. ನಮ್ಮ ಒಂದು ಜಂಟಿ ಸಾಲವನ್ನು ನಾನು ಇಂದಿಗೂ ತಿಂಗಳಿಗೆ ಇಷ್ಟೆಂದು ಕಟ್ಟುತ್ತಿದ್ದೇನೆ. ಕ್ರೆಡಿಟ್ ದಾಖಲೆಯಲ್ಲಿ ಇದು ಆರು ವರ್ಷ ಉಳಿಯುತ್ತದೆ, ಹೊಸ ಬಾಡಿಗೆ ಮನೆ ಹುಡುಕುವಾಗ ಅಡ್ಡಿಯಾಗಬಹುದು.

ಮಕ್ಕಳ ವಿಷಯ ಒಂದಿದೆ. ಆ ದಿನಗಳಲ್ಲಿ ನಮ್ಮ 14 ವರ್ಷದ ಮಗಳು ಶಾಲೆಯಿಂದ ಬಂದೊಡನೆ ಲಕೋಟೆಗಳನ್ನು ಒಡೆದು, ಅಪ್ಪನಿಗೆ ಓದಿ ಹೇಳುತ್ತಿದ್ದಳು. ಅವಳು ಜಾಣೆ, ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತದೆ ಎಂದು ನಾನೂ ಬಿಟ್ಟುಕೊಟ್ಟಿದ್ದೆ. ಒಂದು ರಾತ್ರಿ ಅವಳು, ತನ್ನ ಶಾಲೆಯ ಪ್ರವಾಸದ ಹಣ ಹಿಂದಕ್ಕೆ ಕೇಳಲೇ ಎಂದಾಗ ನನಗೆ ಎದೆ ಒಡೆದಂತಾಯಿತು. ಮರುದಿನದಿಂದ ಪತ್ರಗಳೆಲ್ಲ ಒಡೆಯದೆಯೇ ಒಂದು ಚೀಲಕ್ಕೆ, ಚೀಲ ಸಲಹೆಗಾರ್ತಿಯ ಬಳಿಗೆ. ಇಂಗ್ಲಿಷ್ ಕಷ್ಟವೆನಿಸುವವರು ದುಭಾಷಿ ಬೇಕೆಂದು ಕೇಳಬಹುದು, ಮಗುವನ್ನು ಕೂರಿಸಬೇಡಿ.

ನಮ್ಮವರ ಆದೇಶ ಆಗಸ್ಟ್ 2024ರಲ್ಲಿ ಆಯಿತು, 2025ರ ಆಗಸ್ಟಿನಲ್ಲಿ ಸಾಲಗಳು ರದ್ದಾದವು. ಕೇಳಿದ ಸಹೋದರಿಗೆ: ದಾವಣಗೆರೆಯಲ್ಲಿ ನಿಮ್ಮ ಹೆಸರಿನಲ್ಲಿ ಅಕ್ಕ ನಡೆಸುತ್ತಿರುವ ಚೀಟಿಯ ವಿಷಯ ಬರೆದಿದ್ದಿರಿ. ಇದುವರೆಗೆ ಕಟ್ಟಿರುವ ಕಂತುಗಳ ಲೆಕ್ಕವನ್ನು ಅಕ್ಕನಿಂದ ತರಿಸಿಕೊಂಡು, ಪಿಪ್ ಪತ್ರದ ಜೊತೆಯಲ್ಲೇ ಇಟ್ಟು, ಮೊದಲ ಭೇಟಿಯಲ್ಲೇ ಸಲಹೆಗಾರರಿಗೆ ತೋರಿಸಿ.